ನೀಲಿ ದಾರದ ಪೊಟ್ಟಣ

ಅರೆಗಳಿಗೆಯವರನ್ನು ನಾನು ಮೊದಲು ಕಂಡದ್ದು ನನ್ನ ಕೈಗಡಿಯಾರ ನಿಂತುಹೋದ ದಿನ. ಶಾಲೆಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಗಡಿಯಾರ ನಿಂತದ್ದು ತಿಳಿಯದೆ, ಊಟದ ಹೊತ್ತು ಮೀರಿದರೂ ಮಕ್ಕಳಿಂದ ಮಗ್ಗಿ ಹೇಳಿಸುತ್ತ ಕೂತಿದ್ದೆ. ಹಿರಿಯ ಶಿಕ್ಷಕರೊಬ್ಬರು ಬಾಗಿಲಲ್ಲಿ ತಲೆ ಹಾಕಿ, "ಮಕ್ಕಳ ಹೊಟ್ಟೆಯ ಗಡಿಯಾರ ಸರಿಯಾಗಿ ಓಡ್ತಾ ಇದೆ. ನಿಮ್ಮ ಗಡಿಯಾರ ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದರು.

ಗಡಿಯಾರ ರಿಪೇರಿಯ ಅಂಗಡಿ ಶಾಲೆಯ ಬೀದಿಯ ಕೊನೆಯಲ್ಲಿತ್ತು. ಒಂದು ಮಗ್ಗುಲಿಗೆ ಬೀಗ ರಿಪೇರಿಯವನು, ಇನ್ನೊಂದು ಮಗ್ಗುಲಿಗೆ ಛತ್ರಿ ರಿಪೇರಿಯವನು; ನಡುವೆ ಒಂದೂವರೆ ಬಾಗಿಲಿನಷ್ಟು ಅಗಲದ ಜಾಗ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ವೇಳೆ. ಮೇಜಿನ ಹಿಂದೆ ಮೂವತ್ತೈದರ ಆಸುಪಾಸಿನ ತೆಳ್ಳನೆಯ ವ್ಯಕ್ತಿಯೊಬ್ಬರು ಬಲಗಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಏನನ್ನೋ ಬಿಡಿಸುತ್ತಿದ್ದರು.

"ಅರೆಗಳಿಗೆ" ಎಂದರು, ತಲೆ ಎತ್ತದೆ.

ಬಗ್ಗಿ ನೋಡಿದೆ. ಚಿಮಟದ ತುದಿಯಲ್ಲಿದ್ದದ್ದು ಚಕ್ರವೂ ಅಲ್ಲ, ಮುಳ್ಳೂ ಅಲ್ಲ, ಹೂವಿನ ಕೇಸರ. ನೀರಿನ ಲೋಟದಲ್ಲಿ ಕೊಲಂಬೈನ್ ಎಂಬ ಹೂವಿನ ಒಂದು ಕಡ್ಡಿ ನಿಂತಿತ್ತು. ಹೊರಗಿನ ಎಸಳು ಕಡುನೀಲಿ, ಒಳಗಿನ ಬಟ್ಟಲು ಹಾಲುಬಿಳಿ, ಬೆನ್ನ ಹಿಂದೆ ಐದು ಪುಟ್ಟ ಕೊಂಬು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಅವರು ಅದರ ಹಳದಿ ಪರಾಗವನ್ನು ಕೈಗಡಿಯಾರದ ಗಾಜೊಂದರ ಮೇಲೆ ಉದುರಿಸಿ, ಮೇಲೆ ಇನ್ನೊಂದು ಗಾಜು ಮುಚ್ಚಿ, ಆಮೇಲೆ ನನ್ನತ್ತ ನೋಡಿದರು.

"ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ತಾನೇ? ನಿಮ್ಮ ಶಾಲೆ ಬೇಲಿ ಪಕ್ಕ ಕೆಂಪು, ಹಳದಿ ಕೊಲಂಬೈನ್ ಹಾಕಿದ್ದಾರಲ್ಲ, ಅದು ಯಾರ ಕೆಲಸ?"

"ಮಕ್ಕಳದ್ದು. ನೀರು ಹಾಕೋದು ಈಗ ನನ್ನ ಪಾಲಿಗೆ ಬಂದಿದೆ" ಎಂದೆ.

"ಹಾಕಿ, ಹಾಕಿ. ಆದ್ರೆ ಒಂದು ಮಾತು. ನಿಮ್ಮ ಶಾಲೆ ದುಂಬಿಗಳಿಗೆ ಶಿಸ್ತೇ ಇಲ್ಲ. ಅಲ್ಲಿ ಕೆಂಪು ಮೆತ್ಕೊಂಡು ನೇರ ನಮ್ಮ ಹಿತ್ತಲಿಗೆ ಬರ್ತವೆ."

ದೂರು ಕೊಡುತ್ತಿದ್ದಾರೋ ತಮಾಷೆ ಮಾಡುತ್ತಿದ್ದಾರೋ ತಿಳಿಯದೆ, "ಹಾಗಾದರೆ ಕೀಳಿಸಿಬಿಡಲೇ?" ಎಂದು ಕೇಳಿದೆ.

"ಅಯ್ಯೋ, ಬೇಡ್ರೀ! ಮಕ್ಕಳು ಹಾಕಿದ ಗಿಡ ಕೀಳೋದುಂಟಾ? ನಮ್ಮ ಹೂವಿನ ಬಾಯಿ ನಾನೇ ಕಟ್ಕೋತೀನಿ."

ಹೂವಿನ ಬಾಯಿ ಕಟ್ಟುವುದೆಂದರೇನೆಂದು ತಿಳಿದದ್ದು ಗಡಿಯಾರ ವಾಪಸು ತರಲು ಅವರ ಮನೆಗೆ ಹೋದಾಗ. ಅಂಗಡಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಹಿತ್ತಲಲ್ಲಿ ಗೋಡೆಯ ನೆರಳಿಗೆ ಮೂರು ಸಾಲು ಕೊಲಂಬೈನ್, ಎಲ್ಲ ಒಂದೇ ಬಣ್ಣ. ಅರಳಲಿರುವ ಮೊಗ್ಗುಗಳಿಗೆಲ್ಲ ತೆಳುವಾದ ಬಿಳಿ ಬಟ್ಟೆಯ ಚೀಲ ಹಾಕಿ, ತೊಟ್ಟಿಗೆ ದಾರ ಕಟ್ಟಿತ್ತು.

ಹೂವು ಅವರ ತಾಯಿಯದು. ತಾಯಿಗೆ ಬೀಜ ಎಲ್ಲಿಂದ ಬಂತೋ ಅವರಿಗೂ ಗೊತ್ತಿರಲಿಲ್ಲ. ಕಡೆಯ ಕಾಲದಲ್ಲಿ ಆಕೆ ಒಂದು ಪೊಟ್ಟಣವನ್ನು ಮಗನ ಅಂಗೈಗಿಟ್ಟು, "ಇದಕ್ಕೆ ಬೇರೆ ಬಣ್ಣ ಸೇರದ ಹಾಗೆ ನೋಡ್ಕೋ" ಎಂದಿದ್ದರಂತೆ. ಹೇಳುವುದು ಸುಲಭ. ಕೊಲಂಬೈನಿನಷ್ಟು ಬೇಗ ನೆರೆಯವರ ಬಣ್ಣಕ್ಕೆ ಮನಸೋಲುವ ಹೂವು ಇನ್ನೊಂದಿಲ್ಲ. ಗಿಡದ ಆಯುಸ್ಸೂ ಹೆಚ್ಚಿಲ್ಲ. ಮೂರು ವಸಂತ ಹೂಬಿಟ್ಟು ಬೇರು ಕೊಳೆಯುತ್ತದೆ. ಆದ್ದರಿಂದ ವರ್ಷ ವರ್ಷವೂ ಹೊಸ ಬೀಜ ಹಿಡಿಯಬೇಕು, ಹಿಡಿದ ಬೀಜ ಶುದ್ಧವಾಗಿರಬೇಕು.

ಅರೆಗಳಿಗೆಯವರು ಅದನ್ನು ಗಡಿಯಾರದ ಕೆಲಸದಂತೆಯೇ ಮಾಡುತ್ತಿದ್ದರು. ಮೊಗ್ಗು ಒಡೆಯುವ ಮುಂಚೆ ಚೀಲ. ಹೂವು ಅರಳಿದ ನಾಲ್ಕನೆಯ ಬೆಳಗ್ಗೆ ಚೀಲ ಬಿಚ್ಚಿ, ಇನ್ನೊಂದು ನೀಲಿ ಗಿಡದ ಪರಾಗವನ್ನು ಕುಂಚದಿಂದ ಸವರಿ, ಮತ್ತೆ ಕಟ್ಟುವುದು. ಆಮೇಲೆ ಕಾಯಿ ಒಣಗುವ ತನಕ ಮುಟ್ಟುವಂತಿಲ್ಲ. ಹೂವಾಗಿದ್ದಾಗ ತಲೆ ತಗ್ಗಿಸುವ ಈ ಗಿಡ, ಕಾಯಾದ ಮೇಲೆ ನೆಟ್ಟಗೆ ತಲೆ ಎತ್ತುತ್ತದೆ. ಗಾಳಿ ಬಂದರೆ ಮೆರುಗು ಹಚ್ಚಿದ ಕರಿ ಎಳ್ಳಿನಂಥ ಬೀಜ ಚೀಲದೊಳಗೆ ಉದುರುತ್ತದೆ. ಆ ಬೀಜವನ್ನು ಮಣ್ಣಿನ ಮೇಲೆ ಚೆಲ್ಲಬೇಕೇ ಹೊರತು ಮುಚ್ಚಬಾರದು. ಅದಕ್ಕೆ ಬೆಳಕೂ ಬೇಕು, ಒಂದು ಚಳಿಗಾಲದ ಥಂಡಿಯೂ ಬೇಕು. ಹೂವು ಕಾಣಬೇಕಾದರೆ ಎರಡು ವರ್ಷ ಕಾಯಬೇಕು. ಇವತ್ತು ಮಾಡಿದ ತಪ್ಪು ಎರಡು ವರ್ಷದ ಮೇಲೆ ಅರಳುತ್ತದೆ.

ಯಾವ ಬೀಜ ಯಾವ ವರ್ಷದ್ದೆಂದು ಗೊಂದಲವಾಗದಿರಲೆಂದು ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣದ ದಾರ. ಕಾಯಿ ಒಣಗಿದ ಮೇಲೆ ಗಂಟನ್ನು ಬಿಚ್ಚದೆ, ಅದರ ಎದುರು ಬದಿಯಲ್ಲಿ ದಾರ ಕತ್ತರಿಸಿ, ತುಂಡನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. "ಬಿಸಾಡಬಾರದು ಮೇಷ್ಟ್ರೇ. ಯಾವತ್ತೋ ಒಂದಿನ ಬೇಕಾಗುತ್ತೆ" ಎನ್ನುತ್ತಿದ್ದರು. ಗಡಿಯಾರದವರ ಚಾಳಿ, ಸವೆದ ಸ್ಕ್ರೂ ಕೂಡ ಹೊರಗೆ ಹೋಗುವುದಿಲ್ಲ.

'ಅರೆಗಳಿಗೆ' ಎಂಬ ಹೆಸರು ಬೀದಿಯವರು ಇಟ್ಟದ್ದು. ಯಾವ ಗಿರಾಕಿ ಬಂದರೂ "ಅರೆಗಳಿಗೆ, ಕೊಟ್ಟೆ" ಎನ್ನುವರು. ಆ ಅರೆಗಳಿಗೆ ಎರಡು ದಿನಕ್ಕೆ ಮುಗಿದರೆ ಗಿರಾಕಿಯ ಪುಣ್ಯ. ಆದರೆ ಒಮ್ಮೆ ಅವರ ಕೈಯಿಂದ ಹೋದ ಗಡಿಯಾರ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಮದುವೆ ಯಾಕೆ ಆಗಲಿಲ್ಲವೆಂದು ಛತ್ರಿಯವನು ಕೆಣಕಿದರೆ, "ಅರೆಗಳಿಗೆ ಅಂದಿದ್ದೆ, ಅಷ್ಟರಲ್ಲಿ ಅವಳು ಬೇರೆ ಗಡಿಯಾರ ಕಟ್ಕೊಂಡ್ಳು" ಎಂದು ತಾವೇ ಮೊದಲು ನಗುವರು.

ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ಸಾಗಿತು. ಸಂಜೆ ಶಾಲೆ ಬಿಟ್ಟು ಬರುವಾಗ ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರುವುದು ನನ್ನ ಅಭ್ಯಾಸವಾಯಿತು. ಆ ಹಿತ್ತಲಲ್ಲಿ ನೀಲಿ-ಬಿಳಿಯಲ್ಲದ ಒಂದು ಹೂವೂ ಅರಳಲಿಲ್ಲ.

ಆಮೇಲೆ ಅವರ ಅಕ್ಕ ಬಂದರು. ಬೇರೆ ಊರಿನಲ್ಲಿ ಮೂವತ್ತೆಂಟು ವರ್ಷ ಸಂಸಾರ ಮಾಡಿದವರು, ಗಂಡ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಒಂದು ಹೊದಿಕೆ ಹಿಡಿದು ತಮ್ಮನ ಮನೆಗೆ ಬಂದರು. ತಮ್ಮನಿಗೆ ಹಬ್ಬವೇ ಆಯಿತು. ಇದ್ದ ಎರಡು ಕೋಣೆಯಲ್ಲಿ ಕಿಟಕಿಯಿರುವುದನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಕಿಟಕಿ ತೆರೆದರೆ ಕೊಲಂಬೈನ್ ಸಾಲು. ಆಕೆ ಎಡಗೈಯವರು. ಚಮಚ, ಕತ್ತರಿ, ಪೊರಕೆ, ಎಲ್ಲವೂ ಎಡಗೈಯಲ್ಲೇ. "ಅಮ್ಮ ಚಿಕ್ಕಂದಿನಲ್ಲಿ ಈ ಕೈ ಮೇಲೆ ಎಷ್ಟು ಬಾರಿಸಿದ್ಲು ಗೊತ್ತಾ ಮೇಷ್ಟ್ರೇ? ಕೈ ಬದಲಾಗಲಿಲ್ಲ, ಅಮ್ಮನ ಸೌಟು ಮಾತ್ರ ಸೊಟ್ಟಗಾಯ್ತು" ಎಂದು ಆಕೆ ಹೇಳಿದರೆ ತಮ್ಮ ಬಿದ್ದು ಬಿದ್ದು ನಗುವರು. ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಬಿಸಿ ಊಟ, ಮಾತಾಡಲು ಒಂದು ಜೀವ. ಅವರ ಕೆನ್ನೆ ತುಂಬಿಕೊಂಡದ್ದು ಆ ದಿನಗಳಲ್ಲೇ.

ಅಕ್ಕ ಬಂದ ಮೂರನೆಯ ವಸಂತದ ಒಂದು ಬೆಳಗ್ಗೆ ಅರೆಗಳಿಗೆಯವರು ಶಾಲೆಗೇ ಬಂದರು. ಎಂದೂ ಬಂದವರಲ್ಲ. "ಮೇಷ್ಟ್ರೇ, ಒಂದ್ಸಲ ಬನ್ನಿ" ಎಂದರು.

ಹೊಸದಾಗಿ ಹೂಬಿಟ್ಟ ಮೂವತ್ತು ಗಿಡಗಳಲ್ಲಿ ಹನ್ನೊಂದು ಮಸುಕು ಕೆಂಪಾಗಿದ್ದವು. ಒಗೆದು ಒಗೆದು ಬಣ್ಣ ಕಳೆದುಕೊಂಡ ಬಟ್ಟೆಯಂಥ ಕೆಂಪು.

"ನಮ್ಮ ಶಾಲೆಯ ದುಂಬಿಗಳು" ಎಂದೆ, ನಗಿಸೋಣವೆಂದು.

ಅವರು ನಗಲಿಲ್ಲ. "ದುಂಬಿ ತಪ್ಪಲ್ಲ. ಇಪ್ಪತ್ತು ವರ್ಷ ಅವು ಬರಲಿಲ್ವಾ? ಕಟ್ಟೋದ್ರಲ್ಲಿ ನಾನೇ ಎಲ್ಲೋ ಸಂದು ಬಿಟ್ಟಿದ್ದೀನಿ" ಎಂದು ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೆರಳು ನಡುಗುತ್ತದೆಯೇ ಎಂದು ನೋಡಿಕೊಂಡರು. ನನಗೆ ನಡುಕ ಕಾಣಲಿಲ್ಲ. ಅವರಿಗೆ ಕಂಡಿತು.

ಹನ್ನೊಂದನ್ನೂ ಕಿತ್ತರು. ಕಿತ್ತ ಗಿಡಗಳನ್ನು ಬುಟ್ಟಿಗೆ ತುಂಬಿದವರು ಅಕ್ಕ. ಆ ವರ್ಷ ಚೀಲಕ್ಕೆ ಎರಡು ಸುತ್ತಿನ ಬದಲು ನಾಲ್ಕು ಸುತ್ತು ದಾರ ಬಿತ್ತು. ಫಲವೇನೂ ಆಗಲಿಲ್ಲ. ಮರುವರ್ಷ ಅರಳಿದವು ಅದಕ್ಕೂ ಹಿಂದೆಯೇ ಹಿಡಿದಿದ್ದ ಬೀಜದ ಗಿಡಗಳು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು.

ಆ ಸಂಜೆ ನಾನು ಅಲ್ಲೇ ಇದ್ದೆ. ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಬೇರೆಯವರ ಕೈಗಳನ್ನು ಯಾರೋ ಅವರ ಮಡಿಲಲ್ಲಿಟ್ಟು ಹೋದ ಹಾಗೆ. ಅಕ್ಕ ಹಿಂದಿನಿಂದ ಬಂದು ಅವರ ತಲೆ ನೇವರಿಸಿ, "ವಯಸ್ಸಾಯ್ತು ಬಿಡೋ. ಕೈ ಎಷ್ಟು ದಿನ ಅಂತ ಹೇಳಿದ ಮಾತು ಕೇಳುತ್ತೆ?" ಎಂದರು.

ಅವರು ತಲೆಯಾಡಿಸಿದರು. ಒಂದು ವಾರದಲ್ಲಿ ಅಂಗಡಿ ಮುಚ್ಚಿದರು.

ಬೀದಿಗೆ ಬೀದಿಯೇ ಬುದ್ಧಿ ಹೇಳಿತು. ಬೀಗದವನು, "ಯಾವ ಗಡಿಯಾರ ಕೆಟ್ಟು ವಾಪಸ್ ಬಂದಿದೆ ಅಣ್ಣ, ಒಂದು ತೋರ್ಸು" ಎಂದು ಜಗಳಕ್ಕೇ ನಿಂತ. ಅವರದು ಒಂದೇ ಮಾತು: "ಬರೋ ತನಕ ಕಾಯೋದು ಮರ್ಯಾದೆ ಅಲ್ಲ. ಒಂದು ಹೂವಿನ ಬಾಯಿ ಕಟ್ಟೋಕೆ ಬರದ ಕೈ, ಇನ್ನೊಬ್ಬರ ಗಡಿಯಾರ ಬಿಚ್ಚಬಾರದು." ಮೇಜು ಹೋಯಿತು, ಗೋಡೆಯ ಗಡಿಯಾರಗಳು ಅವರವರ ಮನೆ ಸೇರಿದವು, ಹಲಗೆ ಇಳಿಯಿತು. ಭೂತಗನ್ನಡಿ, ಚಿಮಟ ಇವೆರಡನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದರು. ಮೂವತ್ತೇಳು ವರ್ಷ ಮಾಡಿದ ಕೆಲಸ. ನಾನೂ ಕಡೆಗೆ, ಅವರು ತಿಳಿದವರು, ಅವರ ಕೈ ಅವರಿಗೇ ಗೊತ್ತು ಎಂದುಕೊಂಡು ಸುಮ್ಮನಾದೆ.

ಆ ಚಳಿಗಾಲದಲ್ಲಿ ಉಳಿದಿದ್ದ ಹಳೆಯ ನೀಲಿ ಗಿಡಗಳ ಬೇರೂ ಕೊಳೆತುಹೋಯಿತು. ವಸಂತ ಬಂದಾಗ ಅವರು ಒಂದು ಮೊಗ್ಗಿಗೂ ಚೀಲ ಹಾಕಲಿಲ್ಲ. ಒಂದು ಭಾನುವಾರ ನನ್ನನ್ನು ಕರೆದು, "ಈ ದಾರದ ಡಬ್ಬಿ ತಗೊಂಡ್ಹೋಗಿ. ಶಾಲೆ ಮಕ್ಕಳಿಗೆ ಬಣ್ಣದ ಕೆಲಸಕ್ಕಾದ್ರೂ ಆಗುತ್ತೆ" ಎಂದರು. ಕೊಡುವ ಮುನ್ನ ಸೂಜಿಗೀಜಿ ಇದ್ದೀತೆಂದು ಕಾಗದದ ಮೇಲೆ ಸುರಿದು, ಅಭ್ಯಾಸದಿಂದ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡರು.

ನೀಲಿ ದಾರದ ತುಂಡೊಂದನ್ನು ಎತ್ತಿ ನೋಡಿದರು. ಹಳದಿಯದೊಂದನ್ನು ಎತ್ತಿದರು. ಮತ್ತೆ ನೀಲಿ, ಮತ್ತೆ ಹಳದಿ, ಹಸಿರು, ಕಪ್ಪು. ತುಂಡುಗಳನ್ನು ಎರಡು ಗುಡ್ಡೆಯಾಗಿ ಬೇರೆ ಮಾಡತೊಡಗಿದರು.

"ಮೇಷ್ಟ್ರೇ, ಇದರ ಕುಣಿಕೆ ಯಾವ ಕಡೆ ಬಿದ್ದಿದೆ?"

"ಬಲಕ್ಕೆ."

"ಇದು?"

"ಎಡಕ್ಕೆ."

"ನಾನು ಹುಟ್ಟಿದಾಗಿನಿಂದ ಕಟ್ಟಿದ ಗಂಟೆಲ್ಲ ಬಲಕ್ಕೇ ಬೀಳುತ್ತೆ. ನೀಲಿ ದಾರ ಅಕ್ಕ ಬರೋ ಮುಂಚಿನ ವರ್ಷದ್ದು. ನೋಡಿ, ಒಂದೂ ಎಡಕ್ಕಿಲ್ಲ. ಹಳದಿ ಅವಳು ಬಂದ ವರ್ಷದ್ದು."

ಹಳದಿಯಲ್ಲಿ ಎರಡರಲ್ಲೊಂದು ಎಡಕ್ಕೆ ಬಿದ್ದಿತ್ತು. ಅದರ ಮರುವರ್ಷದ ಹಸಿರಿನಲ್ಲಿ ಇನ್ನೂ ಹೆಚ್ಚು. ನಾಲ್ಕು ಸುತ್ತು ಸುತ್ತಿದ್ದ ಕಪ್ಪು ದಾರದಲ್ಲೂ ಹಾಗೆಯೇ. ಬಿಚ್ಚಿದವರು ಅಷ್ಟೇ ನಿಷ್ಠೆಯಿಂದ ನಾಲ್ಕು ಸುತ್ತು ಸುತ್ತಿ ಎಡಗೈಯಲ್ಲಿ ಕಟ್ಟಿದ್ದರು. ಇಷ್ಟು ವರ್ಷ ಆ ದಾರಗಳನ್ನು ಅವರೇ ಕತ್ತರಿಸಿ ಡಬ್ಬಿಗೆ ಹಾಕಿದ್ದರು, ಒಮ್ಮೆಯೂ ಗಂಟಿನತ್ತ ನೋಡಿರಲಿಲ್ಲ. ತನ್ನ ಮನೆಯ ಗಂಟನ್ನು ಯಾರು ಪರೀಕ್ಷಿಸುತ್ತಾರೆ?

ಅಕ್ಕ ಎರಡು ಲೋಟ ಚಹಾ ಹಿಡಿದು ಬಂದರು. ಕಾಗದದ ಮೇಲೆ ಎರಡು ಗುಡ್ಡೆ ಮಾಡಿಟ್ಟ ದಾರಗಳನ್ನು ಕಂಡು ಅಲ್ಲೇ ನಿಂತರು.

"ಅಕ್ಕ, ಚೀಲ ನೀನು ಬಿಚ್ತಿದ್ಯಾ?"

ಆಕೆ ಲೋಟಗಳನ್ನು ಕಿಟಕಿಯ ಮೇಲಿಟ್ಟರು. "ಹೂಂ" ಎಂದರು.

"ಯಾಕೆ?"

"ಕಿಟಕಿ ತೆಗೆದ್ರೆ ಎದುರಿಗೇ ಕಾಣೋದು ಕಣೋ. ಮುಖಕ್ಕೆ ಮುಸುಕು ಹಾಕಿ ಸಾಲಾಗಿ ನಿಲ್ಲಿಸಿದ ಹಾಗೆ. ನನಗೆ ನೋಡೋಕಾಗ್ತಿರಲಿಲ್ಲ. ನೀನು ಅಂಗಡಿಗೆ ಹೋದ್ಮೇಲೆ ಬಿಚ್ತಿದ್ದೆ, ಒಂದೆರಡು ಗಂಟೆ ಬಿಸಿಲು ನೋಡ್ಲಿ ಅಂತ. ನೀನು ಬರೋ ಮುಂಚೆ ಕಟ್ಟಿಡ್ತಿದ್ದೆ. ಅಷ್ಟಕ್ಕೆ ಬಣ್ಣ ಕೆಡುತ್ತೆ ಅಂತ ನನಗೇನು ಗೊತ್ತು?"

"ಮೊದಲು ಗೊತ್ತಿರಲಿಲ್ಲ, ಸರಿ. ಕೆಂಪು ಬಂದಾಗ?"

ಆಕೆ ಕಿಟಕಿಯತ್ತ ತಿರುಗಿ ಲೋಟಗಳನ್ನು ಸರಿಸಿದರು.

"ಕೆಂಪು ಬಂದಾಗ ಗೊತ್ತಾಯ್ತಾ, ಇಲ್ವಾ?"

"ಗೊತ್ತಾಯ್ತು."

"ಆಮೇಲೂ ಬಿಚ್ಚಿದೆ."

"ನೀನು ನನ್ನನ್ನ ಒಂದು ಮಾತು ಕೇಳಿದ್ಯಾ? ನಿನ್ನ ಕೈನೇ ಬೈಕೊಂಡು ಕೂತೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..." ಆಕೆಯ ದನಿ ಇದ್ದಕ್ಕಿದ್ದಂತೆ ಏರಿತು. "ಅಮ್ಮ ನಿನಗೆ ಬೀಜ ಕೊಟ್ಲು. ನನಗೆ ಕೊಟ್ಟದ್ದು ಬರೀ ಬುದ್ಧಿಮಾತು. ಅದನ್ನ ಯಾವ ಕುಂಡಕ್ಕೆ ಹಾಕ್ಲಿ? ಯಾವ ಬಣ್ಣದ ಹೂ ಬರುತ್ತೆ ಅದರಲ್ಲಿ? ಅಮ್ಮನ ಹೂ, ಅಮ್ಮನ ಹೂ ಅಂತ ದಿನಾ ಅಂತಿದ್ಯಲ್ಲ, ನಾನು ಯಾರ ಮಗಳೋ?"

ನಾನು ಎದ್ದು ಹೋಗಬೇಕಿತ್ತು. ಆದರೆ ಅವರ ಕೈ ನನ್ನ ಮೊಣಕಾಲ ಮೇಲಿತ್ತು.

"ಕೇಳಿದ್ರೆ ಅರ್ಧ ಬೀಜ ಕೊಡ್ತಿದ್ದೆ ಅಕ್ಕ" ಎಂದರು ಅವರು, ಮೆಲ್ಲಗೆ. "ಬಿಚ್ಚಿದ್ದು ಹೋಗ್ಲಿ. ಹೂ ಹೋಗ್ಲಿ. ಅಂಗಡಿ ಮುಚ್ಚೋ ವಾರ ನನ್ನ ತಲೆ ಸವರಿ 'ವಯಸ್ಸಾಯ್ತು ಬಿಡೋ' ಅಂದೆ. ನನ್ನ ಕೈ ಚೆನ್ನಾಗಿದೆ ಅಂತ ಈ ಪ್ರಪಂಚದಲ್ಲಿ ನಿನಗೊಬ್ಬಳಿಗೇ ಗೊತ್ತಿತ್ತು."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಚಹಾ ಕಿಟಕಿಯ ಮೇಲೆ ಕೆನೆಗಟ್ಟಿತು. ಅವರು ದಾರಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಡಬ್ಬಿಯನ್ನು ನನಗೆ ಕೊಡದೆ ತಮ್ಮ ಬಳಿಯೇ ಇಟ್ಟುಕೊಂಡರು.

ಇದಾದ ಮೇಲೂ ಆ ಮನೆಯಲ್ಲಿ ಜಗಳವೆಂಬುದು ಕೇಳಿಸಲಿಲ್ಲ. ಅಕ್ಕನನ್ನು ಹೊರಗೆ ಹಾಕು ಎಂದು ಛತ್ರಿಯವನು ಒಮ್ಮೆ ಹೇಳಿದ್ದಕ್ಕೆ, "ಕೊಡೆ ರಿಪೇರಿ ನೋಡ್ಕೋ" ಎಂದುಬಿಟ್ಟರಂತೆ. ಊಟಕ್ಕೆ ಇಬ್ಬರೂ ಒಟ್ಟಿಗೇ ಕೂರುತ್ತಾರೆ. ಉಪ್ಪು ಬೇಕಾದರೆ ಉಪ್ಪು ಎನ್ನುತ್ತಾರೆ. ಆದರೆ ಸೌಟಿನ ಕಥೆಗೆ ಈಗ ಯಾರೂ ನಗುವುದಿಲ್ಲ.

ಅಂಗಡಿ ತಿರುಗಿ ತೆರೆಯಲಾಗಲಿಲ್ಲ; ಆ ಒಂದೂವರೆ ಬಾಗಿಲಿನ ಜಾಗದಲ್ಲಿ ಬೇರೆಯವರು ಚಪ್ಪಲಿ ಮಾರುತ್ತಿದ್ದಾರೆ.

ಡಬ್ಬಿಯ ಘಟನೆಯಾಗಿ ಕೆಲವು ತಿಂಗಳಾದ ಮೇಲೆ, ಚಳಿ ಆರಂಭವಾಗುವ ಹೊತ್ತಿಗೆ ಅವರು ನನ್ನ ಮನೆಗೆ ಬಂದರು. ನಾನು ನಿವೃತ್ತನಾಗಿ ಊರ ಇನ್ನೊಂದು ತುದಿಗೆ ಬಂದಿದ್ದೆ. ನಮ್ಮ ಮಹಡಿಯ ಮೇಲೆ ಉತ್ತರಕ್ಕೆ ಒಂದು ತೆರೆದ ಜಾಗವಿದೆ. ಅವರ ಕೈಯಲ್ಲಿ ನೀಲಿ ದಾರ ಕಟ್ಟಿದ ಒಂದು ಪುಟ್ಟ ಪೊಟ್ಟಣವಿತ್ತು. ಅಕ್ಕ ಬರುವ ಮುಂಚಿನ ವರ್ಷದ ಬೀಜ, ಬಿತ್ತಿ ಮಿಕ್ಕದ್ದು.

"ಹಳೇ ಬೀಜ. ಹುಟ್ಟಿದ್ರೆ ಹುಟ್ಟಿತು. ನಿಮ್ಮ ಮಹಡಿ ಮೇಲೆ ಎರಡು ತಟ್ಟೆ ಇಟ್ಕೊಳ್ಲಾ ಮೇಷ್ಟ್ರೇ?"

"ನಿಮ್ಮ ಹಿತ್ತಲು?"

"ಅಲ್ಲಿ ಬೇಡ" ಎಂದರು.

ಎಣಿಸಿ ಅರವತ್ತೆರಡು ಬೀಜ ಚೆಲ್ಲಿದರು. ಚಳಿಯೆಲ್ಲ ಕಳೆದ ಮೇಲೆ ನಾಲ್ಕು ಮೊಳೆತವು; ಒಂದನ್ನು ಬಸವನಹುಳು ತಿಂದಿತು. ಉಳಿದ ಮೂರರ ಎಲೆಯ ಮೇಲೆ ಹುಳು ಕೊರೆದ ಬಿಳಿ ಗೆರೆ ಕಂಡರೆ, ಗಾಜು ಸಿಕ್ಕಿಸಿಕೊಂಡು, ಗೆರೆ ಮುಗಿಯುವಲ್ಲಿ ಹುಳುವನ್ನು ಹುಡುಕಿ ಚಿಮಟದಲ್ಲಿ ಹಿಸುಕುತ್ತಿದ್ದರು. ಎರಡು ವರ್ಷ ಹೀಗೆ ದಿನವೂ ನಡೆದು ಬಂದರು. ಈ ವಸಂತದಲ್ಲಿ ಮೂರೂ ಹೂಬಿಟ್ಟಿವೆ. ಕಡುನೀಲಿ, ಒಳಗೆ ಹಾಲುಬಿಳಿ.

ಅಕ್ಕನಿಗೆ ಹೇಳಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಆಕೆ ಕೇಳಿದರೆ, "ಸುಮ್ನೆ, ಒಂದು ಸುತ್ತು" ಎನ್ನುತ್ತಾರಂತೆ. ಆಕೆಗೆ ಗೊತ್ತಿಲ್ಲವೆಂದೇನೂ ಅಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಆಕೆ ಒಬ್ಬರೇ ದಾರಿ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಕಾಗದದಲ್ಲಿ ಸುತ್ತಿದ ಒಂದು ಕಟ್ಟನ್ನು ನನ್ನ ಕೈಗಿಟ್ಟು, "ನಾನು ಹೊಲಿದದ್ದು ಅಂತ ಹೇಳ್ಬೇಡಿ" ಎಂದು ಹೊರಟುಹೋದರು. ಬಿಚ್ಚಿದರೆ ತೆಳು ಬಿಳಿ ಬಟ್ಟೆಯ ಇಪ್ಪತ್ತನಾಲ್ಕು ಪುಟ್ಟ ಚೀಲಗಳು.

ನಾನು ಹೇಳಲಿಲ್ಲ, ಮೇಜಿನ ಮೇಲಿಟ್ಟೆ, ಅಷ್ಟೆ. ಅವರು ಒಂದನ್ನು ಎತ್ತಿಕೊಂಡು, ಗಾಜು ಹಾಕಿ ಹೊಲಿಗೆಯ ಮೇಲೆ ಕಣ್ಣಾಡಿಸಿ, ದಾರ ಮುಗಿದ ಗಂಟಿನ ಬಳಿ ಕಣ್ಣು ನಿಲ್ಲಿಸಿದರು. ಕಾಗದವನ್ನು ಮೊದಲಿನಂತೆಯೇ ಮಡಿಸಿ, "ನಿಮ್ಮ ಕಪಾಟಿನಲ್ಲಿರಲಿ" ಎಂದರು. ಕಪಾಟಿನಲ್ಲೇ ಇದೆ. ಮೊಗ್ಗುಗಳಿಗೆ ಕಟ್ಟಿರುವುದು ಅವರೇ ಹೊಲಿದ ಚೀಲ, ವಕ್ರವಕ್ರವಾಗಿ. ಗಡಿಯಾರದ ಕೈಗೆ ಹೊಲಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇಂದು ಬೆಳಗ್ಗೆಯೂ ಬಂದಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಮಹಡಿಯ ಕಿಟಕಿಯ ಪಕ್ಕದ ಹಲಗೆಯ ಮೇಲೆ ನನ್ನ ಆ ಹಳೆಯ ಕೈಗಡಿಯಾರವನ್ನು ಬಿಚ್ಚಿಕೊಂಡು ಕೂತಿದ್ದಾರೆ. ಅಂಗಡಿ ಮುಚ್ಚಿದ ಮೇಲೆ ಅವರು ಬಿಚ್ಚುತ್ತಿರುವ ಮೊದಲ ಗಡಿಯಾರ ಇದು, ತಿಂಗಳುಗಟ್ಟಲೆ ಬೇಡಿಕೊಂಡೆ. ಕೆಲಸದ ನಡುನಡುವೆ ಎದ್ದು ಹೋಗಿ ಮೂರು ಗಿಡಗಳ ಒಂದೊಂದು ಚೀಲವನ್ನೂ ತಿರುಗಿಸಿ, ಕುಣಿಕೆ ಯಾವ ಕಡೆ ಬಿದ್ದಿದೆಯೆಂದು ನೋಡುತ್ತಾರೆ. ಈ ಮನೆಯಲ್ಲಿರುವವನು ನಾನೊಬ್ಬನೇ, ಬಲಗೈಯವನು. ಆದರೂ ನೋಡುತ್ತಾರೆ.

ಊಟಕ್ಕೆ ಕರೆದೆ.

"ಅರೆಗಳಿಗೆ" ಎಂದರು, ತಲೆ ಎತ್ತದೆ.